ಅಲೇಸಿಯದಲ್ಲಿ ಫಲಿಸಿದ ಮುತ್ತಿಗೆ ಡಿರ್ರಾಕಿಯಮ್‌ನಲ್ಲಿ ಏಕೆ ವಿಫಲವಾಯಿತು?

ಪ್ರಶ್ನೆ:
ಕ್ರಿ.ಪೂ. 52ರಲ್ಲಿ ಗಾಲ್ ನಾಡಿನ (ಇಂದಿನ ಫ್ರಾನ್ಸ್) ಅಲೇಸಿಯ ಬೆಟ್ಟಕ್ಕೆ ಮುತ್ತಿಗೆ ಹಾಕಿ ಗಾಲರ ನಾಯಕ ವರ್ಸಿಂಗೆಟೊರಿಕ್ಸ್‌ನನ್ನು ಶರಣಾಗಿಸಿದ ಜೂಲಿಯಸ್ ಸೀಸರ್, ನಾಲ್ಕು ವರ್ಷಗಳ ಬಳಿಕ ಇಂದಿನ ಅಲ್ಬೇನಿಯ ಕರಾವಳಿಯ ಡಿರ್ರಾಕಿಯಮ್ ಬಳಿ, ರೋಮ್‌ನ ಅಂತರ್ಯುದ್ಧದಲ್ಲಿ ತನ್ನ ಎದುರಾಳಿಯಾಗಿದ್ದ ಪಾಂಪೆಯ ಸೇನೆಯನ್ನೂ ಒಡ್ಡು ಕಂದಕಗಳಿಂದ ಸುತ್ತುಗಟ್ಟಲು ಹೋಗಿ ಸೋತನು. ಸೇನಾಪತಿಯೂ ಅವನೇ, ತಂತ್ರವೂ ಅದೇ ಆಗಿದ್ದಾಗ ಫಲ ಮಾತ್ರ ಬೇರೆಯಾದದ್ದೇಕೆ? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಇಂತಹ ಮುತ್ತಿಗೆಯಲ್ಲಿ ಗೋಡೆಗಿಂತ ಕಾಳಿನ ಲೆಕ್ಕವೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಅಲೇಸಿಯದ ಒಳಗೆ ಸುಮಾರು 30 ದಿನಗಳಿಗೆ ಸಾಲುವಷ್ಟು ಧಾನ್ಯವಷ್ಟೇ ಇತ್ತು. ವರ್ಸಿಂಗೆಟೊರಿಕ್ಸ್ ಅದನ್ನೆಲ್ಲ ಒಂದೆಡೆ ತರಿಸಿ, ಅಳೆದು ಅಳೆದು ಹಂಚಿಸಿದನು. ಸೀಸರ್ ಒಳಗಿನವರನ್ನು ತಡೆಯಲು 11 ರೋಮನ್ ಮೈಲಿಯ ಒಂದು ಸುತ್ತನ್ನೂ, ಹೊರಗಿನಿಂದ ಬರಲಿದ್ದ ನೆರವಿನ ಸೇನೆಯನ್ನು ತಡೆಯಲು 14 ಮೈಲಿಯ ಇನ್ನೊಂದು ಸುತ್ತನ್ನೂ ಕಟ್ಟಿಸಿದನು. ಒಡ್ಡಿನ ಮುಂದೆ ಮೂರಡಿ ಆಳದ ಗುಂಡಿಗಳನ್ನು ತೋಡಿ, ತೊಡೆಯಷ್ಟು ದಪ್ಪದ ಚೂಪಾದ ಗೂಟಗಳನ್ನು ನೆಟ್ಟು, ಕಾಣದಂತೆ ಮೇಲೆ ಕಡ್ಡಿ ಸೊಪ್ಪು ಮುಚ್ಚಿಸಿದ್ದನು. ಸೈನಿಕರು ಆ ಗುಂಡಿಗಳನ್ನು ‘ನೈದಿಲೆ’ ಎಂದು ಕರೆಯುತ್ತಿದ್ದರು. ಕಾಳು ತೀರುತ್ತ ಬಂದಾಗ ಊರಿನ ಮೂಲ ನಿವಾಸಿಗಳಾದ ಮಂಡೂಬಿಯರನ್ನು ಹೆಂಗಸರು ಮಕ್ಕಳೊಡನೆ ಹೊರದೂಡಲಾಯಿತು. ತಮ್ಮನ್ನು ಗುಲಾಮರನ್ನಾಗಿಯಾದರೂ ಸ್ವೀಕರಿಸಿ ಅನ್ನ ಕೊಡಿರೆಂದು ಅವರು ಅಳುತ್ತ ಬೇಡಿದರೂ ಸೀಸರ್ ಒಡ್ಡಿನ ಮೇಲೆ ಕಾವಲಿಟ್ಟು ಒಳಗೆ ಬಿಡಲಿಲ್ಲ. ಈ ಯುದ್ಧದ ಜಾಣ್ಮೆಯನ್ನು ಕೊಂಡಾಡುವಾಗ ಅವರನ್ನು ಮರೆಯುವುದು ಸರಿಯಲ್ಲ.

ಡಿರ್ರಾಕಿಯಮ್‌ನಲ್ಲಿ ಪಾಂಪೆಯ ಬೆನ್ನಿಗೆ ಸಮುದ್ರವಿತ್ತು, ಸಮುದ್ರದ ಮೇಲೆ ಅವನದೇ ನೌಕಾಬಲವಿತ್ತು. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಒಂದಲ್ಲ ಒಂದು ಕಡೆಯ ಹಡಗು ಅವನಿಗೆ ದಿನಸಿ ತರುತ್ತಿತ್ತು ಎಂದು ಸೀಸರನೇ ಬರೆದುಕೊಂಡಿದ್ದಾನೆ. ಹಸಿದದ್ದು ಸುತ್ತುವರಿದವರೇ: ಅವರು ‘ಕಾರ’ ಎಂಬ ಗೆಡ್ಡೆಯನ್ನು ಹಾಲಿನೊಡನೆ ಕಲಸಿ ರೊಟ್ಟಿ ಮಾಡಿ ತಿಂದರು. ಹಸಿವೆಯಿಂದ ಸಾಯುತ್ತೀರಿ ಎಂದು ಪಾಂಪೆಯ ಸೈನಿಕರು ಹಂಗಿಸಿದಾಗ ಅದೇ ರೊಟ್ಟಿಗಳನ್ನು ಅವರ ಕಡೆಗೆ ಎಸೆದರು.

ಉತ್ತರ 2:
ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಪಾಂಪೆಗೂ ಕಷ್ಟವಿತ್ತೆಂಬುದನ್ನು ಸೇರಿಸಬೇಕು. ಸೀಸರ್ ಹೊಳೆಗಳನ್ನು ತಿರುಗಿಸಿ, ಕಟ್ಟೆ ಹಾಕಿ ನೀರು ತಡೆದದ್ದರಿಂದ ಪಾಂಪೆಯ ಪಾಳೆಯದಲ್ಲಿ ನೀರಿಗೂ ಕುದುರೆಗಳ ಮೇವಿಗೂ ತತ್ವಾರವಾಯಿತು, ಮತ್ತು ಅವನು ಹೊರನುಗ್ಗಲು ನಿರ್ಧರಿಸಿದ್ದಕ್ಕೆ ಇದು ಮುಖ್ಯ ಕಾರಣ. ಸಂಖ್ಯೆಯ ಅನುಕೂಲವಂತೂ ಅವನದೇ ಆಗಿತ್ತು. ಕಡಿಮೆ ಜನರಿದ್ದ ಸೀಸರ್ ಹೊರಸುತ್ತಿನ 17 ಮೈಲಿ ಕಾಯಬೇಕಿತ್ತು. ಹೆಚ್ಚು ಜನರಿದ್ದ ಪಾಂಪೆಗೆ ಒಳಸುತ್ತಿನ 15 ಮೈಲಿ ಸಾಕಾಗಿತ್ತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಅಲೇಸಿಯದಲ್ಲಿ ಸೀಸರನ ಬಲಗೈಯಂತಿದ್ದ ಲಾಬಿಯೆನಸ್ ಡಿರ್ರಾಕಿಯಮ್ ವೇಳೆಗೆ ಪಾಂಪೆಯ ಪಕ್ಷದಲ್ಲಿದ್ದನಲ್ಲವೇ? ಒಡ್ಡಿನ ದುರ್ಬಲ ಜಾಗವನ್ನು ಅವನೇ ತೋರಿಸಿಕೊಟ್ಟಿರಬಹುದೇ?

ಉತ್ತರ 1 ಬರೆದವರು:
ಲಾಬಿಯೆನಸ್ ಅಲ್ಲಿದ್ದದ್ದು ನಿಜ; ಆದರೆ ಸೀಸರನ ಬರಹದ ಪ್ರಕಾರ ಗುಟ್ಟು ಹೊರಹಾಕಿದವರು ಸೀಸರನದೇ ಅಶ್ವದಳದಲ್ಲಿದ್ದ ರೌಸಿಲ್ಲಸ್ ಮತ್ತು ಎಗಸ್ ಎಂಬ, ಗಾಲ್ ನಾಡಿನ ಅಲ್ಲೊಬ್ರೊಗೆ ಕುಲದ ಸೋದರರು. ಸವಾರರ ಸಂಬಳ ನುಂಗಿದರೆಂಬ ದೂರು ಎದ್ದ ಮೇಲೆ ಅವರು ಪಾಂಪೆಯ ಕಡೆಗೆ ಓಡಿಹೋಗಿ, ಯಾವ ಕೆಲಸ ಅರ್ಧಕ್ಕೆ ನಿಂತಿದೆ, ಕಾವಲುಗಳ ನಡುವೆ ಎಷ್ಟು ದೂರವಿದೆ ಎಂಬುದನ್ನೆಲ್ಲ ತಿಳಿಸಿದರು. ದಕ್ಷಿಣದ ತುದಿಯಲ್ಲಿ, 600 ಅಡಿ ಅಂತರದ ಎರಡು ಒಡ್ಡುಗಳನ್ನು ಸಮುದ್ರದ ಕಡೆಯಿಂದ ಕೂಡಿಸಬೇಕಿದ್ದ ಅಡ್ಡಗೋಡೆ ಇನ್ನೂ ಮುಗಿದಿರಲಿಲ್ಲ. ಪಾಂಪೆ ದೋಣಿಗಳಲ್ಲಿ ಬಿಲ್ಲುಗಾರರನ್ನೂ ಹಗುರ ಕಾಲಾಳುಗಳನ್ನೂ ಕಳುಹಿಸಿ ಅಲ್ಲಿಯೇ ನುಗ್ಗಿಸಿದನು. ಕಳೆದುಕೊಂಡ ಜಾಗವನ್ನು ಮರಳಿ ಪಡೆಯಲು ಸೀಸರ್ ಅದೇ ದಿನ ಮಾಡಿದ ದಾಳಿಯೂ ಮುರಿದುಬಿದ್ದು, ಅವನದೇ ಲೆಕ್ಕದಂತೆ 960 ಸೈನಿಕರು ಸತ್ತರು. ಆಮೇಲೆ ಅವನು ಮುತ್ತಿಗೆ ತೆಗೆದು ಥೆಸ್ಸಲಿಯ ಕಡೆಗೆ ಸೇನೆಯನ್ನು ನಡೆಸಿದನು.