20 ಕಿ.ಮೀ. ಒಳಗಿನ ಮಾವಿನ ಫಸಲು ಹುಡುಕೋದು ಹೇಗೆ? ಅನುಭವ ಇದ್ದವರು ಹೇಳಿ

ಕೋಲಾರದಿಂದ ಕೇಳಿದವರು:
ಮಾವಿನ ರೈತರಿಗೂ ವ್ಯಾಪಾರಿಗಳಿಗೂ ಒಂದು ಆಪ್ ಮಾಡ್ತಿದ್ದೀನಿ, ಫೈರ್‌ಸ್ಟೋರ್‌ನಲ್ಲಿ (ಗೂಗಲ್‌ನ ಆನ್‌ಲೈನ್ ಡೇಟಾಬೇಸ್). ಫಸಲಿನ ವಿವರ ಒಂದು ಕಲೆಕ್ಷನ್ (ದಾಖಲೆಗಳ ಗುಂಪು), ರೈತರ ಲೊಕೇಶನ್ ಇರೋದು ಯೂಸರ್ ಕಲೆಕ್ಷನ್‌ನಲ್ಲಿ. ವ್ಯಾಪಾರಿ ನಿಂತ ಜಾಗದಿಂದ 20 ಕಿ.ಮೀ. ಒಳಗಿನ ಫಸಲಷ್ಟೇ ಕಾಣಬೇಕು. ಸದ್ಯಕ್ಕೆ ಎಲ್ಲ ಯೂಸರ್‌ಗಳನ್ನೂ ಫೋನಿಗೆ ಎಳೆದುಕೊಂಡು ಲೆಕ್ಕ ಹಾಕ್ತಿದ್ದೀನಿ. ತುಂಬಾ ನಿಧಾನ.

ಶ್ರೀನಿವಾಸಪುರದಿಂದ:
ಮೊದಲು ಅದನ್ನ ನಿಲ್ಲಿಸಿ ಸರ್. ನಿಧಾನ ಹಾಗಿರಲಿ, ಎಲ್ಲ ರೈತರ ಮನೆ ಲೊಕೇಶನ್ನೂ ಎಲ್ಲ ವ್ಯಾಪಾರಿಗಳ ಫೋನಿಗೆ ಹೋಗ್ತಿದೆ.

ನಾನು ಹತ್ತಿರದ ಯೂಸರ್ ಐಡಿಗಳನ್ನ ತೆಗೆದು, ಅವನ್ನ 'ಇನ್' ಕ್ವೆರಿಗೆ (ಈ ಪಟ್ಟಿಯಲ್ಲಿರೋರ ದಾಖಲೆ ಮಾತ್ರ ಕೊಡು ಅನ್ನೋ ಹುಡುಕಾಟ) ಕೊಟ್ಟು ನೋಡಿದ್ದೆ. ಒಂದು ಸಲಕ್ಕೆ 30 ಐಡಿಗೆ ನಿಂತುಬಿಡುತ್ತೆ. ಸುಗ್ಗಿ ಟೈಮಲ್ಲಿ ಅದು ಯಾವ ಮೂಲೆಗೂ ಸಾಲಲಿಲ್ಲ. ಕೊನೆಗೆ ಲೊಕೇಶನ್ನನ್ನ ಫಸಲಿನ ದಾಖಲೆಯಲ್ಲೇ ಬರೆದಿಟ್ಟೆ. ಸರಿಯಾದ ಜಾಗವೂ ಅದೇ. ನಮ್ಮ ಪಕ್ಕದ ತೋಟದ ಯಜಮಾನರು ಇರೋದು ಬೆಂಗಳೂರಲ್ಲಿ. ಅವರ ಫೋನು ಯಲಹಂಕ ಅನ್ನುತ್ತೆ, ಕಾಯಿ ತೂಗ್ತಿರೋದು ರಾಯಲ್ಪಾಡು ಕಡೆ. ವ್ಯಾಪಾರಿ ಗಾಡಿ ತರಬೇಕಾದ್ದು ಮರದ ಹತ್ತಿರಕ್ಕೆ ತಾನೇ? ತೋಟದಲ್ಲೇ ನಿಂತು ಪಿನ್ ಹಾಕೋ ಹಾಗೆ ಮಾಡಿ.

ಮುಳಬಾಗಿಲಿನಿಂದ:
ಪಿನ್ ಜೊತೆಗೆ ಜಿಯೋಹ್ಯಾಶನ್ನೂ ಉಳಿಸಿ, ಅಂದ್ರೆ ನಕ್ಷೆಯನ್ನ ಚೌಕಗಳಾಗಿ ಹಂಚಿ ಪ್ರತಿ ಚೌಕಕ್ಕೂ ಕೊಡೋ ಅಕ್ಷರಗಳ ಗುರುತು. ಐದು ಅಕ್ಷರದ್ದು ಸುಮಾರು 4.9 ಕಿ.ಮೀ. ಬದಿಯ ಚೌಕ. ಆದ್ರೆ ಒಂದೇ ಬದುವಿನ ಆಚೆ ಈಚೆ ಇರೋ ಎರಡು ತೋಟ ಬೇರೆ ಬೇರೆ ಚೌಕಕ್ಕೆ ಬೀಳಬಹುದು. ಅದಕ್ಕೆ ವ್ಯಾಪಾರಿ ಸುತ್ತ 20 ಕಿ.ಮೀ. ಮುಚ್ಚೋ ಎಲ್ಲ ಚೌಕಗಳನ್ನೂ ಕೇಳಬೇಕು. ಜಿಯೋಫೈರ್ ಲೈಬ್ರರಿ ಆ ರೇಂಜ್‌ಗಳನ್ನ ಲೆಕ್ಕ ಮಾಡಿಕೊಡುತ್ತೆ. ಬಂದಿದ್ದರಲ್ಲಿ ನಿಜವಾದ ದೂರ ಅಳೆದು ಹೆಚ್ಚಿಗೆ ಇರೋದನ್ನ ತೆಗೆದುಹಾಕಿ.

ಬಂಗಾರಪೇಟೆಯಿಂದ:
ಇನ್ನೂ ಶುರುವಿನಲ್ಲೇ ಇದ್ದರೆ ಪೋಸ್ಟ್‌ಜಿಐಎಸ್ (ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ನಕ್ಷೆಯ ಲೆಕ್ಕ ಸೇರಿಸೋ ಸಾಫ್ಟ್‌ವೇರ್) ಯೋಚಿಸಿ. ಅಲ್ಲಿ ಜಾಯಿನ್ ಇದೆ, ಅಂದ್ರೆ ಎರಡು ಪಟ್ಟಿ ಜೋಡಿಸಿ ಒಟ್ಟಿಗೆ ಹುಡುಕಬಹುದು. ಜಿಯಾಗ್ರಫಿ ಕಾಲಂಗೆ (ಜಾಗ ಬರೆದಿಡೋದು) ಜಿಸ್ಟ್ ಇಂಡೆಕ್ಸ್ (ಬೇಗ ಹುಡುಕೋಕೆ ಸೂಚಿ) ಹಾಕಿ, ಎಸ್‌ಟಿ_ಡಿವಿಥಿನ್‌ಗೆ (ಇಷ್ಟು ದೂರದೊಳಗೆ ಇದೆಯಾ ಅಂತ ನೋಡೋ ಫಂಕ್ಷನ್) 20000 ಕೊಡಿ. ಅಲ್ಲಿ ಲೆಕ್ಕ ಮೀಟರ್‌ನಲ್ಲಿ. ಎಸ್‌ಟಿ_ಡಿಸ್ಟೆನ್ಸ್ (ದೂರ ಅಳೆಯೋ ಫಂಕ್ಷನ್) ಹಾಕಿ 20000ಕ್ಕಿಂತ ಕಮ್ಮಿ ಅಂತ ಹೋಲಿಸಿದರೆ ಇಂಡೆಕ್ಸ್ ಕೆಲಸಕ್ಕೆ ಬರಲ್ಲ.

ಇನ್ನೊಂದು: ಪಾಯಿಂಟ್ ಮಾಡುವಾಗ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ನಾನು ತಿರುಗಾಮುರುಗಾ ಹಾಕಿದ್ದೆ. ಕೋಲಾರದ ಅಕ್ಷಾಂಶ 13.13, ರೇಖಾಂಶ 78.13 ತಾನೇ, ಅದಲುಬದಲಾದರೆ ನಾರ್ವೆಗೂ ಉತ್ತರಕ್ಕಿರೋ ಸ್ವಾಲ್‌ಬಾರ್ಡ್‌ಗೆ ಹೋಗುತ್ತೆ. ಎರಡೂ ಒಪ್ಪುವ ಸಂಖ್ಯೆಗಳೇ ಆದ್ದರಿಂದ ಎರರ್ ಬರಲಿಲ್ಲ. ಪಟ್ಟಿ ಮಾತ್ರ ಖಾಲಿ. ಒಂದಿಡೀ ದಿನ ಹೋಯ್ತು.

ಕೇಳಿದವರು:
ತುಂಬಾ ಉಪಕಾರ ಆಯ್ತು. ಈಗಾಗಲೇ ಹಾಕಿರೋ ಫಸಲುಗಳಿಗೆ ಯೂಸರ್ ಲೊಕೇಶನ್ನನ್ನೇ ಕಾಪಿ ಮಾಡಲಾ?

ಶ್ರೀನಿವಾಸಪುರದಿಂದ:
ಬೇಡ ಸರ್. ತೋಟಕ್ಕೆ ಹೋದಾಗ ಪಿನ್ ಹಾಕಿ ಅಂತ ರೈತರಿಗೆ ಒಂದೊಂದು ಫೋನ್ ಮಾಡಿ. ಅಲ್ಲೀತನಕ ಆ ಫಸಲನ್ನ ಊರಿನ ಹೆಸರಲ್ಲಿ ತೋರಿಸಿ.