ಅಪ್ಪಯ್ಯನ ಯಕ್ಷಗಾನ ಟೇಪುಗಳಿಗೆ ಮನೆಯಲ್ಲೊಂದು ಸರ್ವರ್: ಯಾವುದು ತಗೊಳ್ಳಲಿ?

ಶಿರಸಿಯಿಂದ:
ಅಪ್ಪಯ್ಯ 2003ರಿಂದ 2009ರವರೆಗೆ ಸುತ್ತಲಿನ ಬಯಲಾಟಗಳನ್ನು ಮಿನಿ ಡಿವಿ ಕ್ಯಾಮೆರಾದಲ್ಲಿ ಹಿಡಿದಿಟ್ಟಿದ್ದಾರೆ. 62 ಟೇಪು. ಮೂರಕ್ಕೆ ಬೂಷ್ಟು ಹಿಡಿದಿತ್ತು, ಕ್ಯಾಮೆರಾದ ಹೆಡ್ ಹಾಳಾದೀತೆಂದು ಓಡಿಸಲಿಲ್ಲ. ಉಳಿದದ್ದನ್ನೆಲ್ಲ ಈ ಮಳೆಗಾಲದಲ್ಲಿ ಕೂತು ಫೈರ್‌ವೈರ್ ಕೇಬಲ್ ಹಾಕಿ ಹಳೇ ಲ್ಯಾಪ್‌ಟಾಪಿಗೆ ಇಳಿಸಿದೆ. ಗಂಟೆಗೆ 13 ಜಿಬಿಯಂತೆ 770 ಜಿಬಿ ಹತ್ತಿರ ಆಗಿದೆ.

ಅಪ್ಪಯ್ಯನಿಗೀಗ 78. ಪೆನ್‌ಡ್ರೈವ್ ಚುಚ್ಚಿ ತೆಗೆಯುವುದು ಅವರಿಂದಾಗದು. ಜಗುಲಿಯ ಟಿವಿಯಲ್ಲಿ ರಿಮೋಟ್ ಒತ್ತಿದರೆ ಆಟ ಶುರುವಾಗಬೇಕು. ನಾನು ನೋಡಿದ್ದು ಸಿನಾಲಜಿ ಡಿಎಸ್223ಜೆ, ಎರಡು ಡಿಸ್ಕ್ ಹಿಡಿಯುವ ಮನೆ ಸರ್ವರ್ ಪೆಟ್ಟಿಗೆ. ಅಂಗಡಿಯವರು ಅದರಲ್ಲಿ ಒಂದೇ ಜಿಬಿ ರ‍್ಯಾಮ್, ವಿಡಿಯೋಗೆ ಸಾಲದು, ಇಂಟೆಲ್ ಪ್ರೊಸೆಸರ್ ಇರುವ ಡಿಎಸ್224+ ತಗೊಳ್ಳಿ ಅಂತಾರೆ. ಬೆಲೆಯಲ್ಲಿ ತುಂಬಾ ವ್ಯತ್ಯಾಸ. ಹೋದ ಮೇ ತಿಂಗಳ ಸಿಡಿಲಿಗೆ ನಮ್ಮನೆಯ ಒಂದು ಹಾರ್ಡ್‌ಡಿಸ್ಕ್ ಸುಟ್ಟು, ಹತ್ತು ವರ್ಷದ ಫೋಟೋ ಹೋಗಿವೆ. ಹಾಗಾಗಿ ಹೆದರಿಕೆಯೂ ಇದೆ.

ಮೈಸೂರಿನಿಂದ:
ಸರ್, ಪೆಟ್ಟಿಗೆಗಿಂತ ಮೊದಲು ಫೈಲ್ ನೋಡಿ. ಕ್ಯಾಮೆರಾದಿಂದ ಇಳಿದ ಡಿವಿ ಫೈಲನ್ನು ಬಹುತೇಕ ಟಿವಿಗಳು ಓದುವುದಿಲ್ಲ. ಆಗ ಸರ್ವರೇ ನಿಂತ ನಿಲುವಿನಲ್ಲಿ ಬೇರೆ ರೂಪಕ್ಕೆ ತಿರುಗಿಸಿ ಕೊಡಬೇಕು. ಅಂಗಡಿಯವರು ದೊಡ್ಡ ಪ್ರೊಸೆಸರ್ ಹೇಳಿದ್ದು ಅದಕ್ಕೇ, ಅದು ತಪ್ಪಲ್ಲ. ಆದರೆ ನಿಮ್ಮ ಸಂಗ್ರಹ ಇನ್ನು ಬೆಳೆಯುವುದಿಲ್ಲವಲ್ಲ! ದಿನಾ ಮಾಡಬೇಕಾದ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಒಂದೇ ಸಲ ಮಾಡಿ ಮುಗಿಸಿ. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ತಿರುಗಿಸುವ ತಂತ್ರಾಂಶ ಉಚಿತ, ಅದರಲ್ಲಿ ಬಹುತೇಕ ಟಿವಿಗಳು ಓದುವ ಎಚ್.264 ರೂಪಕ್ಕೆ ತಿರುಗಿಸಿ. ಆಮೇಲೆ ಸರ್ವರ್ ಮಾಡುವುದು ಫೈಲ್ ಎತ್ತಿಕೊಡುವ ಕೆಲಸ ಮಾತ್ರ. ಡಿಎಸ್223ಜೆ ಧಾರಾಳ ಸಾಕು.

ಒಂದು ಮಾತು ಮರೆಯಬೇಡಿ. ಈ ಕ್ಯಾಮೆರಾಗಳು ಸೆಕೆಂಡಿಗೆ 25 ಚಿತ್ರ ತೆಗೆದರೂ ಪ್ರತಿ ಚಿತ್ರವನ್ನು ಎರಡು ಅರ್ಧವಾಗಿ, ಒಂದು ಗೆರೆ ಬಿಟ್ಟು ಒಂದು ಗೆರೆಯಂತೆ, 50 ಸಲ ಬರೆಯುತ್ತವೆ. ಹಾಗೇ ಬಿಟ್ಟರೆ ವೇಷ ಜೋರಾಗಿ ತಿರುಗಿದಾಗ ಅಂಚುಗಳು ಬಾಚಣಿಗೆಯ ಹಲ್ಲಿನಂತೆ ಕಾಣುತ್ತವೆ. ಡೀಇಂಟರ್‌ಲೇಸ್‌ನಲ್ಲಿ (ಅರ್ಧ ಚಿತ್ರಗಳನ್ನು ಪೂರ್ಣ ಮಾಡುವ ಆಯ್ಕೆ) 'ಬಾಬ್' ಆರಿಸಿ, 50 ಪೂರ್ಣ ಚಿತ್ರಗಳಾಗಲಿ. 25ಕ್ಕೆ ಇಳಿಸಿದರೆ ದಿಗಿಣದ ಅರ್ಧ ಚಲನೆಯೇ ಹೋಗುತ್ತದೆ. ಮೂಲ ಫೈಲ್ ಮಾತ್ರ ಅಳಿಸಲೇಬೇಡಿ.

ಹುಬ್ಬಳ್ಳಿಯಿಂದ:
ಮೇಲಿನವರು ಹೇಳಿದ್ದು ಖರೆ. ನಾ ಡಿಸ್ಕಿನ ಬಗ್ಗೆ ಹೇಳ್ತೀನಿ. ಸಿಎಂಆರ್ (ಗೆರೆಗಳನ್ನ ಪಕ್ಕಪಕ್ಕ ಬರಿಯೋ) ಡಿಸ್ಕೇ ತಗೊಳ್ರಿ, ಎಸ್‌ಎಂಆರ್ (ಗೆರೆ ಒಂದರ ಮ್ಯಾಲೊಂದು ಸ್ವಲ್ಪ ಏರಿಸಿ ಬರಿಯೋ, ತಿರುಗಿ ಬರಿಯೂದ್ರಾಗ ನಿಧಾನ ಆಗೋ ಡಿಸ್ಕ್) ಬ್ಯಾಡ. ವೆಸ್ಟರ್ನ್ ಡಿಜಿಟಲ್ ಕಂಪನಿಯ ರೆಡ್ ಹೆಸರಿನ ಕೆಲವು ಡಿಸ್ಕ್ ಎಸ್‌ಎಂಆರ್ ಅದಾವು ಅಂತ 2020ರಾಗ ಕಂಪನಿನೇ ಒಪ್ಪಿಕೊಂಡದ. ಅವರ ರೆಡ್ ಪ್ಲಸ್ ಇಲ್ಲಾ ಸೀಗೇಟ್ ಕಂಪನಿಯ ಐರನ್‌ವುಲ್ಫ್ ನೋಡ್ರಿ.

ಎರಡು ಡಿಸ್ಕಿಗೆ ರೇಡ್ 1 (ಎರಡರಾಗೂ ಒಂದೇ ಪ್ರತಿ ಇರೋ ಜೋಡಣೆ) ಹಾಕಿದ್ರ ಬ್ಯಾಕಪ್ ಆತು ಅಂತ ತಿಳ್ಕೋಬ್ಯಾಡ್ರಿ. ಒಂದರಾಗ ಅಳಿಸಿದ್ದು ಇನ್ನೊಂದರಾಗೂ ಅಳಿಸಿ ಹೋಗ್ತದ, ಸಿಡಿಲು ಬಡಿದ್ರ ಎರಡೂ ಕೂಡೇ ಹೋಗ್ತಾವ. ಮೂರನೇ ಪ್ರತಿ ಬ್ಯಾರೆ ಊರಾಗ ಇರಬೇಕು. ಮನ್ಯಾಗ ಇನ್ವರ್ಟರ್ ಇದ್ರೂ ಯುಎಸ್‌ಬಿ ಕೇಬಲ್ ಇರೋ ಸಣ್ಣ ಯುಪಿಎಸ್ ಇಡ್ರಿ. ಬ್ಯಾಟರಿ ಮುಗಿಯೂಕಿಂತ ಮೊದಲ ಸರ್ವರ್ ತಾನ ಸರಿಯಾಗಿ ಬಂದ್ ಆಗ್ತದ. ಗುಡುಗು ಶುರುವಾದ್ರ ಪ್ಲಗ್ಗಿನ ಜೋಡಿ ನೆಟ್‌ವರ್ಕ್ ಕೇಬಲ್ಲೂ ಕಿತ್ತಿಡ್ರಿ.

ಶಿರಸಿಯಿಂದ:
ಇಬ್ಬರಿಗೂ ಧನ್ಯವಾದ. ನಿನ್ನೆ ಒಂದೇ ಟೇಪನ್ನು 25ರಲ್ಲೊಂದು, 50ರಲ್ಲೊಂದು ಮಾಡಿ ಅಪ್ಪಯ್ಯನಿಗೆ ಏನೂ ಹೇಳದೆ ತೋರಿಸಿದೆ. ಎರಡನೆಯದಕ್ಕೆ ಕುರ್ಚಿ ಮುಂದೆ ಎಳೆದುಕೊಂಡು, "ಹಾಂ, ಈಗ ಕಾಲು ಕಾಣ್ತು" ಅಂದರು.

ಡಿಎಸ್223ಜೆ, 4 ಟಿಬಿಯ ಎರಡು ಐರನ್‌ವುಲ್ಫ್, ಒಂದು ಯುಪಿಎಸ್ ಹೇಳಿದ್ದೇನೆ. ಉಳಿದ ಹಣದಲ್ಲಿ ಇನ್ನೊಂದು ಡಿಸ್ಕ್ ತಗೊಂಡು ಮೂಲ ಫೈಲ್ ಸಮೇತ ಬೆಂಗಳೂರಿನ ಅಕ್ಕನ ಮನೆಗೆ ಕಳಿಸುವುದು. ಹಳೇ ಲ್ಯಾಪ್‌ಟಾಪಿಗೆ ಒಂದು ಟೇಪಿಗೆ ಎರಡೂವರೆ ಗಂಟೆ ಬೇಕು. ರಾತ್ರಿಗೆ ಮೂರರಂತೆ ಹಾಕಿದರೂ ಇನ್ನು ಇಪ್ಪತ್ತು ರಾತ್ರಿಯ ಕೆಲಸವಿದೆ.