ಸಹಾಯ ಬೇಕು: ಟಿವಿ ಜೋಡಿಸಿದ್ರೆ ಮಾತ್ರ ಸ್ಟೀರಿಯೋದಲ್ಲಿ ಗುಂಯ್ ಶಬ್ದ

ಎಲ್ಲರಿಗೂ ನಮಸ್ಕಾರ. ನಮ್ಮನೇಲಿ ಸಿಡಿ, ಎಫ್‌ಎಂ ಇರೋ ಪುಟ್ಟ ಸ್ಟೀರಿಯೋ ಇದೆ, ಹಿಂದೆ ಕೆಂಪು-ಬಿಳಿ ಆಕ್ಸ್ ಸಾಕೆಟ್ (ಹೊರಗಿನ ಸಾಧನದ ಸದ್ದು ಕೊಡೋ ಜಾಗ). ಸಿಡಿ ಹಾಕಿದ್ರೆ ಬೊಂಬಾಟ್. ಆಂಟೆನಾ ವೈರು ಕಿಟಕಿ ಹತ್ರ ಎಳೆದ ಮೇಲೆ 101.3 ಎಫ್‌ಎಂ ರೇನ್‌ಬೋ ಕೂಡ ಸ್ಪಷ್ಟವಾಗಿ ಬರುತ್ತೆ.

ತೊಂದರೆ ಏನಂದ್ರೆ, ಟಿವಿಯ ಹೆಡ್‌ಫೋನ್ ಜ್ಯಾಕಿಂದ ಆಕ್ಸ್‌ಗೆ ವೈರ್ ಕೊಟ್ಟ ತಕ್ಷಣ ಎರಡೂ ಸ್ಪೀಕರಲ್ಲಿ ಒಂದೇ ಸಮ ಗುಂಯ್ ಅನ್ನುತ್ತೆ. ಟಿವಿ ಮ್ಯೂಟ್ ಮಾಡಿದ್ರೂ ಹೋಗಲ್ಲ. ವೈರ್ ಬದಲಾಯಿಸಿದೆ, ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದೆ, ಊಹೂಂ. ಅದೇ ಆಕ್ಸ್‌ಗೆ ಮೊಬೈಲ್ ಕೊಟ್ರೆ ಚೂರೂ ಸದ್ದಿಲ್ಲ. ಕೊನೆಗೆ ಸೆಟ್‌ಟಾಪ್ ಬಾಕ್ಸಿಗೆ ಬರೋ ಕೇಬಲ್ ತಿರುಗಿಸಿ ಬಿಚ್ಚಿದೆ ನೋಡಿ, ಗುಂಯ್ ಪಟ್ ಅಂತ ನಿಂತೋಯ್ತು! ಅಂದ್ರೆ ಇದು ಗ್ರೌಂಡ್ ಲೂಪ್ ಇರಬೇಕು (ಜೋಡಿಸಿದ ಸಾಧನಗಳು ಒಂದಕ್ಕಿಂತ ಹೆಚ್ಚು ದಾರೀಲಿ ಅರ್ಥ್ ಆಗಿ, ವೈರಲ್ಲಿ ಸುತ್ತೋ ಕರೆಂಟಿಂದ ಬರೋ ಸದ್ದು). ಅರ್ಥಿಂಗ್ ಪಿನ್ ಕಿತ್ತುಬಿಡಿ ಅಂತ ಒಬ್ರು ಹೇಳಿದ್ರು. ಮನೇಲಿ ಮಕ್ಕಳಿದ್ದಾರೆ, ಅದಂತೂ ಮಾಡಲ್ಲ.

ಆ ಸುತ್ತನ್ನ ಕಡಿಯೋ ಗ್ರೌಂಡ್ ಲೂಪ್ ಐಸೊಲೇಟರ್ ತಗೋಬೇಕು ಅಂತಿದೀನಿ. ಅದನ್ನ ಆಕ್ಸ್ ವೈರ್ ಮಧ್ಯೆ ಹಾಕೋದಾ, ಕೇಬಲ್ ಟಿವಿ ಲೈನಿಗೆ ಹಾಕೋದಾ? ಆಕ್ಸ್ ಕಡೆ ಹಾಕಿದ್ರೆ ಬೇಸ್ ಕಮ್ಮಿ ಆಗುತ್ತಾ? ಬಳಸಿದವರು ದಯವಿಟ್ಟು ತಿಳಿಸಿ.